ರೋಗಿಗೆ ನಾವು ಕೊಡುವ ಭರವಸೆ ಎಂಥದು?

ನಿಮ್ಮ ಮನೆಯಲ್ಲಿ ಒಬ್ಬರು ಕ್ಯಾನ್ಸರಿನಿಂದ ನರಳುತ್ತಿದ್ದಾರೆ ಎಂದುಕೊಳ್ಳಿ. ಅದೇ ಹೊತ್ತಿಗೆ ದೂರದ ದೇಶದ ಪ್ರಯೋಗಾಲಯವೊಂದರಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ರಾಸಾಯನಿಕವೊಂದು ಸಿಕ್ಕಿದೆ ಎಂಬ ಸುದ್ದಿ ಬರುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಆ ರಾಸಾಯನಿಕ ಇನ್ನೂ ಔಷಧವಾಗಿಲ್ಲ. ಈ ಸುದ್ದಿಯನ್ನು ನೀವು ರೋಗಿಗೆ ಹೇಳುವಿರಾ? ಹೇಳಿದರೆ ಎಷ್ಟು ಹೇಳುವಿರಿ?

ಈ ಪ್ರಶ್ನೆ ನನಗೆ ಪುಸ್ತಕದಲ್ಲಿ ಎದುರಾದದ್ದಲ್ಲ. 2025ರ ಮಳೆಗಾಲದ ಒಂದು ಭಾನುವಾರ, ಬಲಿಪೂಜೆ ಮುಗಿಸಿಕೊಂಡು ಗೋಕಾಕದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಎದುರಾಯಿತು. ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಹಳೆಯ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು ನಮಸ್ಕರಿಸಿದ. ಮೂಡಲಗಿ ಕಡೆಯ ಹಳ್ಳಿಯವನು. ಅವನ ಅಣ್ಣನಿಗೆ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಗಿ ಹದಿನೈದು ದಿನವಾಗಿತ್ತು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಟ್ಟಿಮುಟ್ಟಾದ ಆಳು, ರಾತ್ರಿ ನಿದ್ದೆ ಬರಬಾರದೆಂದು ಗುಟ್ಕಾ ಹಾಕಿಕೊಳ್ಳುತ್ತ ಬಂದವನು. ಬೆಳಗಾವಿಯಲ್ಲಿ ಡಾಕ್ಟರರು ಆಪರೇಷನ್ನಿಗೆ ದಿನ ಕೊಟ್ಟಿದ್ದರು.

ಹುಡುಗ ತನ್ನ ಮೊಬೈಲ್ ತೆಗೆದು ತೋರಿಸಿದ. ಯಾರೋ ಕಳಿಸಿದ ವಾಟ್ಸಪ್ ಸುದ್ದಿ. ಕ್ಯಾನ್ಸರ್ ಜೀವಕೋಶಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಸಿ ಕೊಲ್ಲುವ ಔಷಧ ಸಿಕ್ಕಿದೆ, ಇನ್ನು ಆಪರೇಷನ್ ಬೇಕಾಗಿಲ್ಲ ಎಂದು ಅದರಲ್ಲಿ ಬರೆದಿತ್ತು.

"ಮಾಸ್ತರ್ರ, ಇದು ಖರೇನೇನ್ರಿ? ಎಲ್ಲಿ ಸಿಗತೈತ್ರಿ ಈ ಔಷಧ? ಎಷ್ಟ ರೊಕ್ಕ ಆದ್ರೂ ಅಡ್ಡಿಯಿಲ್ರಿ. ಕೆನಾಲ್ ದಂಡಿಗೆ ಎರಡ ಎಕರೆ ಐತಿ, ಕೊಟ್ಟಬಿಡತೇವಿ."

ಅವನ ಮುಖ ನೋಡಿ ನನಗೆ 'ಇಲ್ಲ' ಎನ್ನುವ ಧೈರ್ಯ ಬರಲಿಲ್ಲ. 'ಹೌದು' ಎನ್ನಲು ಮನಸ್ಸಾಕ್ಷಿ ಒಪ್ಪಲಿಲ್ಲ. "ನೋಡೋಣಪಾ, ವಿಚಾರಿಸಿ ಹೇಳತೇನಿ" ಎಂದೆ. ಬಸ್ಸು ಬಂತು, ಹತ್ತಿ ಹೋದೆ. ಆ 'ನೋಡೋಣ' ಎಂಬ ಒಂದು ಮಾತಿನ ಬಗ್ಗೆಯೇ ಇಂದು ನಿಮ್ಮೊಡನೆ ಮಾತಾಡಬೇಕಾಗಿದೆ. ಅದಕ್ಕೆ ಮೊದಲು ಆ ಸುದ್ದಿಯಲ್ಲಿ ನಿಜವೆಷ್ಟು ಎಂಬುದನ್ನು ತಿಳಿಯೋಣ.

ಕಮಟು ಹಿಡಿದ ಕರದಂಟು

ಗೋಕಾಕದ ಕರದಂಟು ಯಾರಿಗೆ ಗೊತ್ತಿಲ್ಲ? ಅಂಟು, ತುಪ್ಪ, ಒಣಕೊಬ್ಬರಿ, ಬೆಲ್ಲ, ಗೋಡಂಬಿ ಎಲ್ಲವೂ ಸೇರಿದ ಸಿಹಿ. ತಾಜಾ ಇದ್ದಾಗ ಬಾಯಲ್ಲಿ ನೀರೂರುತ್ತದೆ. ಆದರೆ ಅದನ್ನು ಬಹಳ ದಿನ ಡಬ್ಬಿಯಲ್ಲಿ ಮರೆತುಬಿಟ್ಟರೆ ಏನಾಗುತ್ತದೆ? ಮೂಗಿನ ಹತ್ತಿರ ತಂದ ಕೂಡಲೇ ಕಮಟು ವಾಸನೆ ಹೊಡೆಯುತ್ತದೆ. ಕೊಬ್ಬರಿಯಲ್ಲಿ, ತುಪ್ಪದಲ್ಲಿ, ಗೋಡಂಬಿಯಲ್ಲಿ ಇರುವ ಎಣ್ಣೆಯ ಅಂಶಕ್ಕೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅದು ಕೆಟ್ಟಿರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಡಬ್ಬಿಯಲ್ಲಿ ಎಣ್ಣೆ ಇಟ್ಟರೆ ಇನ್ನೂ ಬೇಗ ಕಮಟಾಗುತ್ತದೆ. ಎಣ್ಣೆಯನ್ನು ಕೆಡಿಸುವ ಕೆಲಸಕ್ಕೆ ಕಬ್ಬಿಣ ಚುರುಕು ಕೊಡುತ್ತದೆ ಎಂಬುದು ನಮ್ಮ ತಾಯಂದಿರಿಗೆ ಅಡುಗೆಮನೆಯಲ್ಲೇ ಗೊತ್ತಿದ್ದ ವಿಜ್ಞಾನ.

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಸುತ್ತಲೂ ಕೊಬ್ಬಿನಿಂದಾದ ಒಂದು ತೆಳುವಾದ ಪೊರೆ ಇದೆ. ಅದರೊಳಗೆ ಕಬ್ಬಿಣವೂ ಇದೆ. ಕಬ್ಬಿಣವಿಲ್ಲದೆ ನಾವು ಬದುಕಲಾರೆವು. ರಕ್ತಕ್ಕೆ ಕೆಂಪು ಬಣ್ಣ ಬರುವುದೇ ಕಬ್ಬಿಣವುಳ್ಳ ವಸ್ತುವಿನಿಂದ. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕಬ್ಬಿಣದ ಮಾತ್ರೆ ತಂದುಕೊಡುವುದೂ ಅದಕ್ಕಾಗಿಯೇ. ಆದರೆ ಅದೇ ಕಬ್ಬಿಣ ಜೀವಕೋಶದೊಳಗೆ ಕಾವಲಿಲ್ಲದೆ ಸಡಿಲವಾಗಿ ಉಳಿದರೆ ಪೊರೆಯ ಕೊಬ್ಬನ್ನು ಕೆಡಿಸಬಲ್ಲದು. ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೂಡಿದಾಗ ನಡೆಯುವ ಈ ಉರಿಯನ್ನು ಹೆನ್ರಿ ಫೆಂಟನ್ ಎಂಬ ಇಂಗ್ಲಿಷ್ ವಿಜ್ಞಾನಿ 1894ರಲ್ಲೇ ವಿವರಿಸಿದ್ದರು.

ಹಾಗಾದರೆ ನಮ್ಮ ಜೀವಕೋಶಗಳೆಲ್ಲ ಯಾಕೆ ಕಮಟಾಗಿ ಸಾಯುವುದಿಲ್ಲ? ದೇವರು ಅವಕ್ಕೆ ಕಾವಲುಗಾರರನ್ನು ಇಟ್ಟಿದ್ದಾನೆ. ಜಿಪಿಎಕ್ಸ್-4 ಎಂಬ ಕಿಣ್ವ, ಕೆಟ್ಟ ಕೊಬ್ಬನ್ನು ಕೂಡಲೇ ಸರಿಪಡಿಸುತ್ತ ಹೋಗುತ್ತದೆ. ಅದರ ಕೈಗೆ ಗ್ಲುಟಾಥಯೋನ್ ಎಂಬ ವಸ್ತು ಬೇಕು. ಗ್ಲುಟಾಥಯೋನ್ ತಯಾರಾಗಲು ಹೊರಗಿನಿಂದ ಸಿಸ್ಟೀನ್ ಎಂಬ ಕಚ್ಚಾ ಸಾಮಗ್ರಿ ಜೀವಕೋಶದ ಬಾಗಿಲಿನಿಂದ ಒಳಗೆ ಬರಬೇಕು. ಬಾಗಿಲು, ಸಾಮಗ್ರಿ, ಕಾವಲುಗಾರ ಮೂರೂ ಸರಿಯಿದ್ದರೆ ಜೀವಕೋಶ ಕ್ಷೇಮ.

ಇಲ್ಲಿಗೆ ಪ್ರಯೋಗಾಲಯದ ಕಥೆ ಬಂತು. 2003ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದ ವೈಟ್‌ಹೆಡ್ ಸಂಸ್ಥೆಯಲ್ಲಿ ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಅವರ ಸಂಗಡಿಗರು 23,550 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪ್ರಯೋಗಾಲಯದಲ್ಲೇ ಕ್ಯಾನ್ಸರಿನಂತೆ ಮಾರ್ಪಡಿಸಿದ ಜೀವಕೋಶಗಳನ್ನು ಕೊಂದು, ಮಾರ್ಪಡಿಸದ ಅದೇ ಬಗೆಯ ಜೀವಕೋಶಗಳನ್ನು ಉಳಿಸುವ ರಾಸಾಯನಿಕ ಯಾವುದಾದರೂ ಇದೆಯೇ ಎಂದು ಹುಡುಕಿದರು. ಇಪ್ಪತ್ತಮೂರು ಸಾವಿರಕ್ಕೂ ಮಿಕ್ಕಿದವುಗಳಲ್ಲಿ ಒಂಬತ್ತು ಮಾತ್ರ ಕೈಗೆ ಬಂದವು. ಅವುಗಳಲ್ಲಿ ಹೊಸದಾಗಿದ್ದ ಒಂದಕ್ಕೆ ಎರಾಸ್ಟಿನ್ ಎಂದು ಹೆಸರಿಟ್ಟರು.

ಎರಾಸ್ಟಿನ್ ತಾಗಿದ ಜೀವಕೋಶ ಸಾಯುತ್ತಿತ್ತು, ಆದರೆ ವಿಜ್ಞಾನಿಗಳಿಗೆ ಅದುವರೆಗೆ ಗೊತ್ತಿದ್ದ ರೀತಿಯಲ್ಲಿ ಅಲ್ಲ. ಒಂಬತ್ತು ವರ್ಷಗಳ ನಂತರ, 2012ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಡಿಕ್ಸನ್, ಸ್ಟಾಕ್‌ವೆಲ್ ಮತ್ತು ಇತರರು ಆ ಸಾವಿನ ಗುಟ್ಟನ್ನು ವಿವರಿಸಿ ಅದಕ್ಕೆ ಫೆರೊಪ್ಟೋಸಿಸ್ ಎಂದು ಕರೆದರು. ಫೆರಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಬ್ಬಿಣ, ಪ್ಟೋಸಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಬೀಳುವುದು. ಎರಾಸ್ಟಿನ್ ಮಾಡುವುದು ಇಷ್ಟೇ: ಸಿಸ್ಟೀನ್ ಒಳಬರುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಸಾಮಗ್ರಿ ಇಲ್ಲದೆ ಕಾವಲುಗಾರ ಕೈಕಟ್ಟಿ ಕೂರುತ್ತಾನೆ. ಕಬ್ಬಿಣ ತನ್ನ ಕೆಲಸ ಮಾಡುತ್ತದೆ. ಪೊರೆಯ ಕೊಬ್ಬು ಕಮಟಾಗಿ ಜೀವಕೋಶ ಒಡೆದು ಬೀಳುತ್ತದೆ. ಆರ್‌ಎಸ್‌ಎಲ್-3 ಎಂಬ ಇನ್ನೊಂದು ರಾಸಾಯನಿಕ ನೇರವಾಗಿ ಕಾವಲುಗಾರನನ್ನೇ ಕಟ್ಟಿಹಾಕುತ್ತದೆ ಎಂಬುದು 2014ರಲ್ಲಿ ತಿಳಿಯಿತು. 2025ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ರಫಾಯೆಲ್ ರೊಡ್ರಿಗೆಜ್ ಮತ್ತು ಸಂಗಡಿಗರು ಜೀವಕೋಶದೊಳಗಿನ ಕಬ್ಬಿಣವನ್ನೇ ಕೆರಳಿಸುವ ಫೆಂಟೊಮೈಸಿನ್ ಎಂಬ ಹೊಸ ರಾಸಾಯನಿಕದ ಬಗ್ಗೆ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಅದು ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು. ಆ ಹುಡುಗನ ಮೊಬೈಲಿಗೆ ಬಂದ ಸುದ್ದಿ ಇಂಥದೊಂದು ಸಂಶೋಧನೆಯಿಂದ ಹುಟ್ಟಿ, ಕೈಯಿಂದ ಕೈಗೆ ದಾಟುತ್ತ ಬೆಳೆದದ್ದಿರಬೇಕು.

ಹಿಡಕಲ್ಲಿನ ನೀರು, ಮೂಡಲಗಿಯ ಹೊಲ

ಸುದ್ದಿಯ ಬೇರು ನಿಜ ಎಂದಾಯಿತು. ಹಾಗಾದರೆ ಆ ಔಷಧವನ್ನು ಯಾಕೆ ತರಿಸಬಾರದು?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಜಲಾಶಯವನ್ನು ನೀವು ನೋಡಿರಬಹುದು. ಕಣ್ಣು ಹಾಯುವವರೆಗೂ ನೀರು. ಆದರೆ ಆ ನೀರನ್ನು ನೋಡಿ ಬಂದ ಮಾತ್ರಕ್ಕೆ ಮೂಡಲಗಿಯ ಹೊಲದ ಕಬ್ಬು ನೆನೆಯುವುದಿಲ್ಲ. ನೀರು ನದಿಗುಂಟ ಇಳಿಯಬೇಕು, ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿನಲ್ಲಿ ಕಾಲುವೆಗೆ ತಿರುಗಬೇಕು, ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆಗೆ, ಅಲ್ಲಿಂದ ಹೊಲದ ಬದುವಿಗೆ ಬರಬೇಕು. ಆ ಕಾಲುವೆ ತೋಡದಿದ್ದರೆ ಜಲಾಶಯ ತುಂಬಿದ್ದೂ ನಿಜ, ಹೊಲ ಒಣಗಿದ್ದೂ ನಿಜ. ಹೆಚ್ಚು ನೀರನ್ನು ಒಮ್ಮೆಲೇ ಬಿಟ್ಟರೆ ಹೊಲವೇ ಕೊಚ್ಚಿಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಎರಾಸ್ಟಿನ್ ಸ್ಥಿತಿಯೂ ಹೀಗೆಯೇ. ಗಾಜಿನ ಬಟ್ಟಲಿನಲ್ಲಿ ಜೀವಕೋಶಗಳ ಮೇಲೆ ಸುರಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ದೇಹದೊಳಗೆ ಬೇಗ ಒಡೆದುಹೋಗುತ್ತದೆ. ಅದನ್ನು ಸುಧಾರಿಸಿ ಮಾಡಿದ ರೂಪವೊಂದು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಡೆದದ್ದು 2019ರಲ್ಲಿ ವರದಿಯಾಯಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ಇನ್ನೂ ಉದ್ದವಿದೆ. ಸಿಕ್ಕು ಇಪ್ಪತ್ತು ವರ್ಷಕ್ಕೂ ಮೇಲಾದರೂ ಎರಾಸ್ಟಿನ್ ರೋಗಿಗಳಿಗೆ ಕೊಡುವ ಔಷಧವಾಗಿಲ್ಲ. ಪ್ರಯೋಗಾಲಯಗಳಿಗೆ ಮಾರುವ ಇಂಥ ಶೀಶೆಗಳ ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂಬ ಎಚ್ಚರಿಕೆ ಇರುತ್ತದೆ.

ಇನ್ನೊಂದು ತೊಡಕೂ ಇದೆ. ಯೇಸುಸ್ವಾಮಿ ಹೇಳಿದ ಗೋಧಿ ಮತ್ತು ಕಳೆಯ ಸಾಮತಿ ನಿಮಗೆ ನೆನಪಿದೆ. ಕಳೆ ಕೀಳಲು ಹೊರಟ ಆಳುಗಳನ್ನು ಯಜಮಾನ ತಡೆದದ್ದು ಯಾಕೆ? ಕಳೆಯ ಜೊತೆಗೆ ಗೋಧಿಯೂ ಕಿತ್ತುಬಂದೀತು ಎಂಬ ಭಯದಿಂದ. ಕ್ಯಾನ್ಸರ್ ಚಿಕಿತ್ಸೆಯ ಕಷ್ಟವೆಲ್ಲ ಇದೇ. ಕಾವಲುಗಾರ ಜಿಪಿಎಕ್ಸ್-4 ಕ್ಯಾನ್ಸರ್ ಜೀವಕೋಶದಲ್ಲಿ ಮಾತ್ರವಲ್ಲ, ಒಳ್ಳೆಯ ಜೀವಕೋಶಗಳಲ್ಲಿಯೂ ಇದ್ದಾನೆ. 2014ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ಈ ಕಾವಲುಗಾರನನ್ನು ತೆಗೆದುಹಾಕಿದಾಗ ಅವುಗಳ ಮೂತ್ರಪಿಂಡಗಳು ಕೆಟ್ಟು ಅವು ಸತ್ತವು. ಕಳೆಗೆ ಹಾಕಿದ ಬೆಂಕಿ ಬೆಳೆಗೂ ತಗಲುತ್ತದೆ. ಬೆಳೆ ಉಳಿದು ಕಳೆ ಮಾತ್ರ ಸುಡುವ ಉಪಾಯ ಹುಡುಕುವುದಕ್ಕೇ ವಿಜ್ಞಾನಿಗಳು ವರ್ಷಗಟ್ಟಲೆ ದುಡಿಯುತ್ತಿದ್ದಾರೆ.

ಅರ್ಧ ತಿಳಿದ ಸುದ್ದಿಯಿಂದ ಎಂಥ ಅನಾಹುತವಾಗಬಹುದು ನೋಡಿ. ಕಬ್ಬಿಣದಿಂದ ಕ್ಯಾನ್ಸರ್ ಸಾಯುತ್ತದೆ ಎಂದು ಕೇಳಿ ಒಬ್ಬರು ರೋಗಿಗೆ ಕಬ್ಬಿಣದ ಮಾತ್ರೆಗಳನ್ನು ಹಿಡಿಗಟ್ಟಲೆ ನುಂಗಿಸಬಹುದು. ಕಬ್ಬಿಣದಿಂದ ಜೀವಕೋಶ ಸಾಯುತ್ತದೆ ಎಂದು ಕೇಳಿ ಇನ್ನೊಬ್ಬರು ಗರ್ಭಿಣಿ ಸೊಸೆಯ ಕಬ್ಬಿಣದ ಮಾತ್ರೆ ನಿಲ್ಲಿಸಬಹುದು. ಎರಡೂ ತಪ್ಪು, ಎರಡೂ ಅಪಾಯ. ಅರ್ಧ ನಿಜ ಎಷ್ಟೋ ಸಲ ಪೂರ್ತಿ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಏಕೆಂದರೆ ಅದನ್ನು ನಂಬುವವರು ಮೂರ್ಖರಲ್ಲ, ಕಷ್ಟದಲ್ಲಿರುವವರು.

'ನೋಡೋಣ' ಎಂಬ ಮಾತಿನ ಬೆಲೆ

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೇಲೆ ಬರೆದದ್ದರಲ್ಲಿ ಮುಖ್ಯವಾದದ್ದೆಲ್ಲ ಆ ಭಾನುವಾರ ಬಸ್ ನಿಲ್ದಾಣದಲ್ಲೇ ನನಗೆ ಸುಮಾರಾಗಿ ಗೊತ್ತಿತ್ತು. ಪ್ರಯೋಗಾಲಯದ ರಾಸಾಯನಿಕಕ್ಕೂ ಆಸ್ಪತ್ರೆಯ ಔಷಧಕ್ಕೂ ಇರುವ ಅಂತರ ವಿಜ್ಞಾನದ ಮಾಸ್ತರನಿಗೆ ತಿಳಿಯದ್ದಲ್ಲ. ಆದರೂ 'ನೋಡೋಣ' ಎಂದೆ. ಅದು ದಯೆ ಎಂದುಕೊಂಡೆ.

ಆ ಮನೆಯವರು ನನ್ನ ಮಾತನ್ನು ಹಿಡಿದುಕೊಂಡು ಕುಳಿತರು. ಮಾಸ್ತರರು ವಿಚಾರಿಸುತ್ತಿದ್ದಾರೆ, ಔಷಧ ಬರುತ್ತದೆ ಎಂದುಕೊಂಡರು. ಆಪರೇಷನ್ನಿನ ದಿನ ಬಂತು, ಹೋಯಿತು. ಅವರು ಬೆಳಗಾವಿಗೆ ಹೋಗಲೇ ಇಲ್ಲ. ಹತ್ತು ದಿನದ ಮೇಲೆ ಹುಡುಗ ಫೋನ್ ಮಾಡಿ, "ಮಾಸ್ತರ್ರ, ಏನಾತ್ರಿ?" ಎಂದಾಗಲೇ ನನಗೆ ಇದು ತಿಳಿದದ್ದು. ಆಸ್ಪತ್ರೆಯಲ್ಲಿ ಮತ್ತೆ ದಿನ ಸಿಕ್ಕಿದ್ದು ಮೂರು ವಾರದ ನಂತರ. ಆ ಮೂರು ವಾರದಲ್ಲಿ ಗಡ್ಡೆ ಎಷ್ಟು ಬೆಳೆಯಿತು, ಮೊದಲ ದಿನವೇ ಹೋಗಿದ್ದರೆ ಎಷ್ಟು ಕಡಿಮೆ ಕೊಯ್ಯಬೇಕಾಗುತ್ತಿತ್ತು, ಇದಕ್ಕೆ ಯಾರೂ ಉತ್ತರ ಹೇಳಲಾರರು. ಉತ್ತರವಿಲ್ಲದ ಆ ಪ್ರಶ್ನೆ ನನ್ನೊಂದಿಗೇ ಉಳಿದಿದೆ.

ನಿಮ್ಮಲ್ಲಿ ಕೆಲವರು ಕೇಳಬಹುದು: "ಸಾಯುವವನು ಒಂದು ಆಸೆ ಇಟ್ಟುಕೊಂಡರೆ ಏನು ಕೆಡುತ್ತದೆ? ಸತ್ಯ ಹೇಳಿ ಅವನ ಎದೆ ಒಡೆಯುವುದಕ್ಕಿಂತ, ಒಂದು ಸಿಹಿ ಮಾತು ಹೇಳಿ ನಗಿಸುವುದು ಪುಣ್ಯವಲ್ಲವೇ?" ಈ ಪ್ರಶ್ನೆ ಹಗುರವಾದುದಲ್ಲ. ಇದನ್ನು ಕೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ನನ್ನ ಬಾಯಿಂದ 'ನೋಡೋಣ' ಹೊರಡಿಸಿದ್ದೂ ಇದೇ ಯೋಚನೆ.

ಆದರೆ ವಿಚಾರ ಮಾಡಿ. ಮೊದಲನೆಯದಾಗಿ, ಆ ಅಣ್ಣ ಸಾಯುವವನು ಎಂದು ತೀರ್ಮಾನಿಸಿದವರು ಯಾರು? ಅವನಿಗೆ ಒಂದು ಚಿಕಿತ್ಸೆ ಇತ್ತು, ದಿನವೂ ಗೊತ್ತಾಗಿತ್ತು. ದೊಡ್ಡ ಆಸೆಯ ಬೆನ್ನು ಹತ್ತಿ ಕೈಯಲ್ಲಿದ್ದ ಆಸೆಯನ್ನು ಬಿಟ್ಟೆವು. ಎರಡನೆಯದಾಗಿ, ಸುಳ್ಳು ಭರವಸೆಗೆ ಬೆಲೆ ತೆರುವವನು ಅದನ್ನು ಹೇಳಿದವನಲ್ಲ, ಕೇಳಿದವನು. ನನಗೆ ಖರ್ಚಾದದ್ದು ಒಂದು ಮಾತು. ಅವರಿಗೆ ಮೂರು ವಾರ. ಯಾವನಾದರೂ ದಲ್ಲಾಳಿ ನಡುವೆ ಬಂದಿದ್ದರೆ ಕೆನಾಲ್ ದಂಡೆಯ ಎರಡು ಎಕರೆಯೂ ಹೋಗುತ್ತಿತ್ತು, ಅದರ ಜೊತೆಗೆ ಮಕ್ಕಳ ಅನ್ನವೂ ಹೋಗುತ್ತಿತ್ತು. ಮೂರನೆಯದಾಗಿ, ನಾನು 'ನೋಡೋಣ' ಎಂದದ್ದು ಆ ಹುಡುಗನ ದುಃಖ ತಗ್ಗಿಸಲೋ, ಅಥವಾ ಅವನ ದುಃಖವನ್ನು ಎದುರಿಗೆ ನಿಂತು ನೋಡಲಾರದ ನನ್ನ ಸಂಕಟ ತಗ್ಗಿಸಲೋ? ಆತ್ಮಪರಿಶೋಧನೆ ಮಾಡಿಕೊಂಡಾಗ ಎರಡನೆಯದೇ ಹೆಚ್ಚು ಎಂದು ಕಂಡಿತು. ನಾವು ದಯೆ ಎಂದು ಕರೆಯುವ ಎಷ್ಟೋ ಸುಳ್ಳುಗಳು ನಮ್ಮ ಮೇಲಿನ ದಯೆಗಳೇ ಆಗಿರುತ್ತವೆ.

ಹಾಗೆಂದು ಇನ್ನೊಂದು ತುದಿಗೆ ಹೋಗುವುದೂ ಸರಿಯಲ್ಲ. "ಇದೆಲ್ಲ ಬರೀ ಇಲಿಗಳ ಆಟ, ಯಾವ ಔಷಧವೂ ಬರುವುದಿಲ್ಲ" ಎನ್ನುವವರೂ ಸುಳ್ಳನ್ನೇ ಹೇಳುತ್ತಾರೆ. ಹಿಡಕಲ್ಲಿನಲ್ಲಿ ನೀರೇ ಇಲ್ಲ ಎಂದಂತೆ ಅದು. ನೀರು ಇದೆ, ಕಾಲುವೆ ಇನ್ನೂ ಬಂದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳುವುದೇ ಸತ್ಯ.

ಒಳ್ಳೆಯ ಸುದ್ದಿಗೊಂದು ಅಳತೆ

ಸತ್ಯವನ್ನೂ ಭರವಸೆಯನ್ನೂ ಒಟ್ಟಿಗೆ ಹೇಳಲು ಸಾಧ್ಯವೇ? ಸಾಧ್ಯ. ಅದಕ್ಕೆ ನಿಜವಾದ ಉದಾಹರಣೆಯೊಂದಿದೆ.

1940ರ ದಶಕದಲ್ಲಿ ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರ್ ಎಂದರೆ ಸಾವು ಖಚಿತವೆಂದೇ ಅರ್ಥ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಎಂಬ ವಿಜ್ಞಾನಿ, ತಮ್ಮ ಸಂಗಡಿಗರೊಂದಿಗೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅಮಿನಾಪ್ಟೆರಿನ್ ಎಂಬ ರಾಸಾಯನಿಕವನ್ನು ತಯಾರಿಸಿಕೊಟ್ಟರು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ಹದಿನಾರು ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ರೋಗ ಇಳಿಮುಖವಾಯಿತು. ಅದುವರೆಗೆ ಯಾರೂ ಕಾಣದ ಫಲ! ಆದರೆ 1948ರಲ್ಲಿ ಆ ಫಲಿತಾಂಶವನ್ನು ಪ್ರಕಟಿಸುವಾಗ ಫಾರ್ಬರ್ ಏನು ಮಾಡಿದರು ಗೊತ್ತೇ? ಲೇಖನದ ತಲೆಬರಹದಲ್ಲೇ 'ತಾತ್ಕಾಲಿಕ' ಎಂಬ ಪದವನ್ನು ಇಟ್ಟರು. ರೋಗ ಮತ್ತೆ ತಿರುಗಿ ಬರುತ್ತಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

ಆ ಒಂದು ಪದದಿಂದ ಭರವಸೆ ಸತ್ತಿತೇ? ಇಲ್ಲ. 'ತಾತ್ಕಾಲಿಕ'ವನ್ನು 'ಶಾಶ್ವತ' ಮಾಡುವುದು ಹೇಗೆ ಎಂದು ಮುಂದಿನವರು ದುಡಿದರು. ಅಮಿನಾಪ್ಟೆರಿನ್ನಿನ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮಕ್ಕಳ ರಕ್ತದ ಕ್ಯಾನ್ಸರುಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುವ ಬಗೆ, ಒಳ್ಳೆಯ ಚಿಕಿತ್ಸೆ ಸಿಕ್ಕ ಕಡೆಯಲ್ಲೆಲ್ಲ, ಇಂದು ಬಹುಪಾಲು ಮಕ್ಕಳಲ್ಲಿ ಗುಣವಾಗುತ್ತದೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು, ಈ ಫಲವನ್ನು ಕಾಣಲಿಲ್ಲ. ಹುಣಸೆ ಸಸಿ ನೆಟ್ಟ ಅಜ್ಜ ಅದರ ನೆರಳಲ್ಲಿ ಕೂರುವುದಿಲ್ಲ. ಪ್ರಯೋಗಾಲಯದ ಕೆಲಸವೆಂದರೆ ಬಹುಮಟ್ಟಿಗೆ ಮೊಮ್ಮಕ್ಕಳಿಗಾಗಿ ಸಸಿ ನೆಡುವ ಕೆಲಸ. ಎರಾಸ್ಟಿನ್ ಕೂಡ ಅಂಥದೊಂದು ಸಸಿ. ಅದನ್ನು ಹಣ್ಣು ಎಂದು ಮಾರುವುದು ಅನ್ಯಾಯ, ಕಳೆ ಎಂದು ಕೀಳುವುದೂ ಅನ್ಯಾಯ.

ರೋಗಿಯನ್ನು ಕೇಳಿದಿರಾ?

ಫೋನ್ ಬಂದ ಮರುದಿನವೇ ನಾನು ಆ ಹಳ್ಳಿಗೆ ಹೋದೆ. ಹುಡುಗನನ್ನೂ ಅವನ ತಾಯಿಯನ್ನೂ ಕೂರಿಸಿಕೊಂಡು ಎಲ್ಲವನ್ನೂ ಬಿಚ್ಚಿ ಹೇಳಿದೆ. ನನ್ನ ತಪ್ಪನ್ನೂ ಒಪ್ಪಿಕೊಂಡೆ. ತಾಯಿ ಸ್ವಲ್ಪ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ನನಗೆ ಒಂದು ಹೊಳೆಯಿತು. "ಅಣ್ಣನ್ನ ಕೇಳೀರೇನು?" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಣ್ಣನಿಗೆ ರೋಗದ ಹೆಸರನ್ನೇ ಹೇಳಿರಲಿಲ್ಲ. ಬಾಯಿಯ ಹುಣ್ಣು ಎಂದಷ್ಟೇ ಹೇಳಿದ್ದರು. ಔಷಧ, ಆಪರೇಷನ್, ಹೊಲ ಮಾರಾಟ ಎಲ್ಲವೂ ಅವನನ್ನು ಬಿಟ್ಟೇ ನಡೆದಿತ್ತು.

ಅಷ್ಟರಲ್ಲಿ ಒಳಕೋಣೆಯಿಂದ ಅವನೇ ಎದ್ದು ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮಾತು ಸ್ವಲ್ಪ ತೊದಲುತ್ತಿತ್ತು. "ಮಾಸ್ತರ್ರ, ನನಗೇನ ಗೊತ್ತಿಲ್ಲ ಅಂದ್ಕೊಂಡಾರ ಇವರು. ಬಾಯಿ ನಂದು. ನನಗ ಗೊತ್ತಾಗೂದಿಲ್ಲೇನ್ರಿ?" ಎಂದ. ಆಮೇಲೆ ಅವನು ಕೇಳಿದ್ದು ಹೊಸ ಔಷಧದ ಬಗ್ಗೆ ಅಲ್ಲ. "ಆಪರೇಷನ್ ಆದ ಮ್ಯಾಲ ಮಾತಾಡಾಕ ಬರತೈತೇನ್ರಿ? ಮಗಳ ಹೆಸರ ಹಿಡದ ಕರಿಯಾಕ ಬಂದ್ರ ಸಾಕ್ರಿ."

ನಾವೆಲ್ಲ ಸೇರಿ ಅವನಿಗಾಗಿ ದೊಡ್ಡ ದೊಡ್ಡ ಆಸೆಗಳನ್ನು ಹುಡುಕುತ್ತಿದ್ದೆವು. ಅವನಿಗೆ ಬೇಕಾಗಿದ್ದ ಆಸೆ ಯಾವುದು ಎಂದು ಯಾರೂ ಕೇಳಿರಲಿಲ್ಲ.

1980ರಲ್ಲಿ ವ್ಯಾಟಿಕನ್ ಹೊರಡಿಸಿದ ದಯಾಮರಣ ಕುರಿತ ಘೋಷಣೆಯಲ್ಲಿ ಈ ವಿಷಯಕ್ಕೆ ಹತ್ತಿರವಾದ ಬೋಧನೆಯಿದೆ. ಬೇರೆ ಸಾಕಷ್ಟು ಚಿಕಿತ್ಸೆ ಇಲ್ಲದಾಗ, ಇನ್ನೂ ಪ್ರಯೋಗದ ಹಂತದಲ್ಲಿರುವ, ಸ್ವಲ್ಪ ಅಪಾಯವೂ ಇರುವ ಚಿಕಿತ್ಸೆಯನ್ನು ಪಡೆಯಬಹುದು. ಆದರೆ ರೋಗಿಯ ಒಪ್ಪಿಗೆಯಿಂದ. ಸಾಧಾರಣ ಚಿಕಿತ್ಸೆಯಿಂದಲೇ ತೃಪ್ತರಾಗುವುದೂ ತಪ್ಪಲ್ಲ. ಎರಡು ಅಂಶಗಳನ್ನು ಗಮನಿಸಿ. ಬೇರೆ ಚಿಕಿತ್ಸೆ ಇದೆಯೇ ಎಂಬುದು ಒಂದು, ರೋಗಿ ಏನು ಹೇಳುತ್ತಾನೆ ಎಂಬುದು ಎರಡು. ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ನಾವು ಹೆಚ್ಚಾಗಿ ಮರೆಯುವುದು ಈ ಎರಡನೆಯದನ್ನೇ.

ನಾವು ಮಾಡಬಹುದಾದದ್ದು

ಹಾಗಾದರೆ ಇಂಥ ಸುದ್ದಿ ನಿಮ್ಮ ಕೈಗೆ ಬಂದಾಗ ಏನು ಮಾಡಬೇಕು? ಬೇರೆಯವರಿಗೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಕೆಲಸ ಮಾಡಿದ್ದು ಗಾಜಿನ ಬಟ್ಟಲಿನಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಯಾವ ಬಗೆಯ ಕ್ಯಾನ್ಸರಿನಲ್ಲಿ? ಇಂದು ನನ್ನ ಊರಿನ ರೋಗಿಗೆ ಇದು ಡಾಕ್ಟರರ ಕೈಯಿಂದ ಸಿಗುತ್ತದೆಯೇ? ಈ ಮೂರಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಆ ಸುದ್ದಿಯನ್ನು ರೋಗಿಯ ಮನೆಗೆ ಕಳಿಸಬೇಡಿ.

ಹೊಸ ಔಷಧದ ಪ್ರಯೋಗದಲ್ಲಿ ಸೇರಿಸುತ್ತೇವೆ ಎಂದು ಯಾರಾದರೂ ಬಂದರೆ ಗಾಬರಿಯಾಗಬೇಡಿ, ಮರುಳಾಗಲೂಬೇಡಿ. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳನ್ನು ಸರ್ಕಾರದ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯವಾಗಿದೆ. ನೀತಿ ಸಮಿತಿಯ ಅನುಮತಿ ಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು. ಇದಾವುದೂ ಇಲ್ಲದೆ ಮೊದಲು ಹಣ ಕೇಳುವವನನ್ನು ಹೊಸಿಲಿನಿಂದಲೇ ಕಳಿಸಿಬಿಡಿ. ಹೊಲ ಮಾರುವ ಮೊದಲು, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾ‌ರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಕುಟುಂಬಕ್ಕೆ ಏನು ನೆರವು ಸಿಗುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಟಾನಿಕ್ಕು, ವಿಟಮಿನ್ನು, ಕಬ್ಬಿಣದ ಮಾತ್ರೆ ಏನೇ ಇರಲಿ, ಚಿಕಿತ್ಸೆಯಲ್ಲಿರುವ ರೋಗಿಗೆ ಡಾಕ್ಟರರನ್ನು ಕೇಳದೆ ಕೊಡಬೇಡಿ. ಪೊರೆಯ ಕೊಬ್ಬು ಕಮಟಾಗದಂತೆ ತಡೆಯುವ ಶಕ್ತಿ ಇ ವಿಟಮಿನ್ನಿಗೆ ಇದೆ. ಪ್ರಯೋಗಾಲಯದಲ್ಲಿ ಅದು ಎರಾಸ್ಟಿನ್ನಿನಿಂದ ಸಾಯಬೇಕಾದ ಕ್ಯಾನ್ಸರ್ ಜೀವಕೋಶವನ್ನೂ ಉಳಿಸುತ್ತದೆ. ನಮಗೆ ಒಳ್ಳೆಯದೆಂದು ಕಂಡದ್ದೆಲ್ಲ ರೋಗಿಗೆ ಒಳ್ಳೆಯದಾಗಿರಬೇಕೆಂದಿಲ್ಲ.

ಇನ್ನು ಭರವಸೆಯ ಮಾತು. ಗುಣವಾಗುವುದೊಂದೇ ಭರವಸೆಯಲ್ಲ. ನೋವು ಕಡಿಮೆಯಾದೀತು ಎಂಬ ಭರವಸೆ ಇದೆ. ನನ್ನ ಮಕ್ಕಳನ್ನು ನೋಡಿಕೊಳ್ಳುವವರಿದ್ದಾರೆ ಎಂಬ ಭರವಸೆ ಇದೆ. ನನಗೆ ಸುಳ್ಳು ಹೇಳುವುದಿಲ್ಲ, ನನ್ನನ್ನು ಒಂಟಿಯಾಗಿ ಬಿಡುವುದಿಲ್ಲ ಎಂಬ ಭರವಸೆ ಇದೆ. ಇವುಗಳನ್ನು ಕೊಡಲು ಪ್ಯಾರಿಸ್ಸಿನ ಪ್ರಯೋಗಾಲಯ ಬೇಕಾಗಿಲ್ಲ. ಇವು ನಮ್ಮ ಕೈಯಲ್ಲೇ ಇವೆ.

ಆ ಅಣ್ಣನ ಆಪರೇಷನ್ ಆಯಿತು. ಕೆನ್ನೆಯ ಒಂದು ಭಾಗ ತೆಗೆದರು, ಆಮೇಲೆ ಕಿರಣದ ಚಿಕಿತ್ಸೆ ಕೊಟ್ಟರು. ಮುಂದೆ ಏನಾದೀತೋ ದೇವರೇ ಬಲ್ಲ, ಡಾಕ್ಟರರೂ ಐದು ವರ್ಷ ಕಳೆಯಲಿ ಎನ್ನುತ್ತಾರೆ. ಮಾತು ಪೂರ್ತಿ ಸ್ಪಷ್ಟವಾಗಿಲ್ಲ. ಆದರೆ ಹೋದ ಸಲ ನಾನು ಅವರ ಮನೆಗೆ ಹೋದಾಗ ಅವನು ಮಗಳ ಹೆಸರು ಹಿಡಿದು ಕೂಗಿ, ಮಾಸ್ತರರಿಗೆ ಚಹಾ ತರಲು ಹೇಳಿದ. ಹೊರಗಿನವರಿಗೆ ಆ ಕೂಗು ತಿಳಿಯುತ್ತಿತ್ತೋ ಇಲ್ಲವೋ. ಹುಡುಗಿಗೆ ತಿಳಿಯಿತು, ಓಡಿ ಬಂದಳು.

ಪ್ರಿಯ ಓದುಗರೇ, ಮುಂದಿನ ಸಲ ಯಾರಾದರೂ ನಿಮ್ಮೆದುರು ಮೊಬೈಲ್ ಹಿಡಿದು "ಇದು ಖರೇನೇನ್ರಿ?" ಎಂದು ಕೇಳಿದರೆ 'ನೋಡೋಣ' ಎಂದು ಬಸ್ಸು ಹತ್ತಬೇಡಿ. ಅವರ ಹತ್ತಿರ ಕುಳಿತುಕೊಳ್ಳಿ. ಎಷ್ಟು ನಿಜವೋ ಅಷ್ಟನ್ನೇ ಹೇಳಿ. ಹೇಳಿಯಾದ ಮೇಲೆ ಕೂಡಲೇ ಎದ್ದು ಹೋಗಬೇಡಿ.